ಕಾಲಾಳಿಗೆ ಬೆಲೆ ಕಟ್ಟುವ ಬಗೆ

2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ವಿಶ್ವ ಚದುರಂಗ ಚಾಂಪಿಯನ್‌ಷಿಪ್‌ನ ಹದಿನಾಲ್ಕನೆಯ ಮತ್ತು ಕೊನೆಯ ಆಟ ನಡೆದಿತ್ತು. ಚೀನಾದ ಡಿಂಗ್ ಲಿರೆನ್ ಬಿಳಿ ಕಾಯಿಗಳಲ್ಲಿ, ನಮ್ಮ ದೇಶದ ಡಿ. ಗುಕೇಶ್ ಕಪ್ಪು ಕಾಯಿಗಳಲ್ಲಿ ಆಡುತ್ತಿದ್ದರು. ಇಬ್ಬರ ಬಳಿಯೂ ಒಂದೊಂದು ಆನೆ, ಒಂದೊಂದು ಒಂಟೆ ಉಳಿದಿದ್ದವು. ಗುಕೇಶ್ ಅವರ ಕಡೆ ಒಂದು ಕಾಲಾಳು ಹೆಚ್ಚಿತ್ತು. ಆದರೂ ಆಟ ಸಮವಾಗಿ ಮುಗಿಯುತ್ತದೆ ಎಂದೇ ಕಂಪ್ಯೂಟರ್ ತಂತ್ರಾಂಶಗಳು ತೋರಿಸುತ್ತಿದ್ದವು. 55ನೆಯ ನಡೆಯಲ್ಲಿ ಡಿಂಗ್ ತಮ್ಮ ಆನೆಯನ್ನು ಎಫ್2 ಮನೆಗೆ ತಂದರು. ಗುಕೇಶ್ ಆನೆಗೆ ಆನೆ ಕೊಟ್ಟರು, ಮರುನಡೆಯಲ್ಲಿ ತಮ್ಮ ಒಂಟೆಯನ್ನು ಡಿ5ಕ್ಕೆ ತಂದು ನಿಲ್ಲಿಸಿದರು. ಎ8ರ ಮೂಲೆಯಲ್ಲಿದ್ದ ಬಿಳಿ ಒಂಟೆಗೆ ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಒಂಟೆಗೆ ಒಂಟೆಯೂ ಹೋಯಿತು. ಹಲಗೆಯ ಮೇಲೆ ಉಳಿದದ್ದು ಇಬ್ಬರು ರಾಜರು ಮತ್ತು ಬೆರಳೆಣಿಕೆಯ ಕಾಲಾಳುಗಳು. 58ನೆಯ ನಡೆಯ ಹೊತ್ತಿಗೆ ಡಿಂಗ್ ಸೋಲೊಪ್ಪಿದರು, ಹದಿನೆಂಟರ ಹುಡುಗ ಜಗತ್ತಿನ ಅತಿ ಕಿರಿಯ ನಿರ್ವಿವಾದ ಚಾಂಪಿಯನ್ ಆದರು. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಆನೆ, ಒಂಟೆಗಳು ಬದಲಾಗುವ ಮೊದಲು ಗುಕೇಶ್ ಅವರಿಗೆ ಹೆಚ್ಚಿದ್ದದ್ದು ಒಂದು ಕಾಲಾಳು. ಬದಲಾದ ಮೇಲೂ ಹೆಚ್ಚಿದ್ದದ್ದು ಅದೇ ಒಂದು ಕಾಲಾಳು. ಎಣಿಕೆಯಲ್ಲಿ ಏನೂ ಬದಲಾಗಲಿಲ್ಲ. ಬದಲಾದದ್ದು ಆ ಕಾಲಾಳಿನ ಬೆಲೆ. ಮೊದಲು ಅದು ಸಮದ ಆಟದಲ್ಲಿ ಕೊಂಚ ಮೇಲುಗೈ ಅಷ್ಟೇ ಆಗಿತ್ತು, ನಾಲ್ಕು ನಡೆ ಕಳೆಯುವುದರೊಳಗೆ ಅದೇ ವಿಶ್ವಪದವಿಯಾಯಿತು.

ಹಾಗಾದರೆ ಕಾಲಾಳಿನ ಬೆಲೆ ಇರುವುದು ಎಲ್ಲಿ? ಈ ಪ್ರಶ್ನೆಯನ್ನು ಮನುಷ್ಯರಿಗಿಂತ ಹೆಚ್ಚು ಗಟ್ಟಿಯಾಗಿ ಎದುರಿಸಬೇಕಾದವರು ಚದುರಂಗದ ತಂತ್ರಾಂಶ ಬರೆಯುವವರು. ಮನುಷ್ಯ ಆಟಗಾರ ‘ಈ ಸ್ಥಿತಿ ಚೆನ್ನಾಗಿದೆ’ ಎಂದು ಹೇಳಿ ಸುಮ್ಮನಿರಬಹುದು. ಯಂತ್ರಕ್ಕೆ ಅಂಥ ಸವಲತ್ತಿಲ್ಲ; ಪ್ರತಿಯೊಂದು ಸ್ಥಿತಿಗೂ ಅದು ಒಂದು ಸಂಖ್ಯೆಯನ್ನು ಕೊಡಲೇಬೇಕು. ಯಂತ್ರ ಆಡುವ ಕ್ರಮದಲ್ಲಿ ಎರಡು ಕೆಲಸಗಳಿವೆ. ಒಂದು, ನಾನು ಹೀಗೆ ಆಡಿದರೆ ಎದುರಾಳಿ ಹಾಗೆ ಆಡುತ್ತಾನೆ ಎಂದು ಕವಲುಗಳನ್ನು ಬಿಡಿಸುತ್ತಾ ಮುಂದೆ ಹೋಗುವ ಹುಡುಕಾಟ. ಇನ್ನೊಂದು, ಆ ಹುಡುಕಾಟ ನಿಂತ ಜಾಗದಲ್ಲಿ ಕಂಡ ಸ್ಥಿತಿಗೆ ಬೆಲೆ ಕಟ್ಟುವುದು. ಈ ಎರಡನೆಯ ಕೆಲಸದಲ್ಲಿ, ಅದರಲ್ಲೂ ಆಟದ ಕೊನೆಯ ಘಟ್ಟದಲ್ಲಿ ಕಾಲಾಳುಗಳಿಗೆ ಬೆಲೆ ಕಟ್ಟುವಲ್ಲಿ, ಕಳೆದ ಎಪ್ಪತ್ತೈದು ವರ್ಷಗಳ ಚರಿತ್ರೆ ಒಂದೇ ಪಾಠವನ್ನು ಮತ್ತೆ ಮತ್ತೆ ಹೇಳಿದೆ ಎಂಬುದು ಈ ಭಾಷಣದ ವಾದ. ಕಾಲಾಳಿನ ಬೆಲೆ ಕಾಲಾಳಿನೊಳಗೆ ಇಲ್ಲ. ರಾಜ ಎಷ್ಟು ದೂರ ಇದ್ದಾನೆ, ಆಡುವ ಸರದಿ ಯಾರದು, ಪಕ್ಕದಲ್ಲಿ ಯಾರಿದ್ದಾರೆ, ಎದುರಿಗೆ ಯಾರಿದ್ದಾರೆ ಎಂಬ ಸಂಬಂಧಗಳಲ್ಲಿ ಇದೆ. ತಂತ್ರಾಂಶಗಳು ನಿಗದಿತ ಬೆಲೆಯನ್ನು ಬಿಟ್ಟು ಸಂಬಂಧವನ್ನು ಹಿಡಿದಾಗಲೆಲ್ಲ ಒಂದು ಮೆಟ್ಟಿಲು ಮೇಲೆ ಹೋಗಿವೆ.

ಮೊದಲ ಬೆಲೆಪಟ್ಟಿಯಿಂದಲೇ ಆರಂಭಿಸೋಣ. ಮಾಹಿತಿ ಸಿದ್ಧಾಂತದ ಜನಕ ಕ್ಲಾಡ್ ಶಾನನ್ 1950ರಲ್ಲಿ, ಕಂಪ್ಯೂಟರ್ ಚದುರಂಗ ಆಡುವಂತೆ ಮಾಡುವುದು ಹೇಗೆ ಎಂಬ ಪ್ರಬಂಧವನ್ನು ಪ್ರಕಟಿಸಿದರು. ಅದರಲ್ಲಿ ಅವರು ಮಂತ್ರಿಗೆ 9, ಆನೆಗೆ 5, ಒಂಟೆಗೂ ಕುದುರೆಗೂ 3, ಕಾಲಾಳಿಗೆ 1 ಎಂದು ಬೆಲೆ ಇಟ್ಟರು. ರಾಜನಿಗೆ 200 ಕೊಟ್ಟರು. ರಾಜ ಹೋದರೆ ಉಳಿದದ್ದೆಲ್ಲ ಹೋದಂತೆ ಎಂಬುದೇ ಅದರ ಅರ್ಥ. ಅಷ್ಟಕ್ಕೇ ನಿಲ್ಲದೆ ಕಾಲಾಳುಗಳ ಮೂರು ದೋಷಗಳನ್ನೂ ಲೆಕ್ಕಕ್ಕೆ ತಂದರು. ಒಂದೇ ಉದ್ದಸಾಲಿನಲ್ಲಿ ಒಂದರ ಹಿಂದೊಂದು ನಿಂತ ಕಾಲಾಳು, ಅಕ್ಕಪಕ್ಕದ ಜತೆಗಾರರಿಗಿಂತ ಹಿಂದೆ ಉಳಿದು ಅವರ ಆಸರೆ ಸಿಗದ ಕಾಲಾಳು, ಅಕ್ಕಪಕ್ಕದ ಸಾಲುಗಳಲ್ಲಿ ತನ್ನವರೇ ಇಲ್ಲದ ಒಂಟಿ ಕಾಲಾಳು. ಇಂಥ ಪ್ರತಿಯೊಂದಕ್ಕೂ ಅರ್ಧ ಅಂಕ ಕಳೆಯಬೇಕು. ಇದು ಸಣ್ಣ ಸಾಧನೆಯಲ್ಲ. ಕಾಲಾಳುಗಳೇ ಆಟದ ಜೀವಾಳ ಎಂದು ಫ್ರಾನ್ಸಿನ ಫಿಲಿಡೋರ್ 1749ರಲ್ಲೇ ತನ್ನ ಗ್ರಂಥದಲ್ಲಿ ಪ್ರತಿಪಾದಿಸಿದ್ದ. ಎರಡು ಶತಮಾನಗಳ ಬಳಿಕ ಆ ಅರಿವು ಮೊತ್ತಮೊದಲು ಕೂಡುವ ಕಳೆಯುವ ಲೆಕ್ಕವಾಗಿ ಇಳಿದು ಬಂತು. ತನ್ನ ಸೂತ್ರ ಒರಟಾದದ್ದು, ಹೊಡೆದಾಟ ಅಡಗಿದ ಶಾಂತ ಸ್ಥಿತಿಗಳಿಗೆ ಮಾತ್ರ ಹೊಂದುವಂಥದ್ದು ಎಂದು ಶಾನನ್ ಅವರಿಗೆ ತಿಳಿದಿತ್ತು, ಅದನ್ನು ಅವರು ಮುಚ್ಚಿಡಲೂ ಇಲ್ಲ. ಹಾಗಾಗಿ ಮುಂದೆ ಹೇಳುವ ಮಾತನ್ನು ಅವರ ಮೇಲಿನ ಆಕ್ಷೇಪವೆಂದು ಯಾರೂ ಭಾವಿಸಬಾರದು.

ಈ ಪಟ್ಟಿಯನ್ನು ಅತ್ಯಂತ ಸರಳವಾದ ಅಂತ್ಯಾಟದ ಮೇಲೆ ಹಚ್ಚಿ ನೋಡೋಣ. ಹಲಗೆಯ ಮೇಲೆ ಮೂರೇ ಕಾಯಿಗಳು. ಬಿಳಿ ಕಾಲಾಳು ಇ4ರಲ್ಲಿದೆ, ಅದರ ಮುಂದಿನ ಮನೆ ಇ5ರಲ್ಲಿ ಬಿಳಿ ರಾಜನಿದ್ದಾನೆ. ಒಂದು ಮನೆ ಬಿಟ್ಟು, ಇ7ರಲ್ಲಿ ಕಪ್ಪು ರಾಜ ಎದುರುಬದುರಾಗಿ ನಿಂತಿದ್ದಾನೆ. ಈಗ ಆಡುವ ಸರದಿ ಕಪ್ಪಿನದಾದರೆ ಅವನ ರಾಜ ಪಕ್ಕಕ್ಕೆ ಸರಿಯಲೇಬೇಕು, ಬಿಳಿ ರಾಜ ಇನ್ನೊಂದು ಪಕ್ಕದಿಂದ ಒಳನುಗ್ಗುತ್ತಾನೆ, ಕಾಲಾಳು ಬಡ್ತಿ ಪಡೆದು ಮಂತ್ರಿಯಾಗುತ್ತದೆ, ಬಿಳಿ ಗೆಲ್ಲುತ್ತದೆ. ಸರದಿ ಬಿಳಿಯದಾದರೆ ಬಿಳಿ ರಾಜನೇ ಸರಿಯಬೇಕು. ಕಪ್ಪು ರಾಜ ಮತ್ತೆ ಎದುರಿಗೆ ಬಂದು ನಿಲ್ಲುತ್ತಾನೆ, ಆಟ ಡ್ರಾ. ಮೂರು ಕಾಯಿಗಳೂ ಅವೇ ಮನೆಗಳಲ್ಲಿವೆ, ಶಾನನ್ ಪಟ್ಟಿಯಲ್ಲಿ ಕಾಯಿಗಳ ಬೆಲೆ ಎರಡು ಸಲವೂ ಒಂದೇ. ಆದರೆ ಒಂದು ಸಲ ಗೆಲುವು, ಇನ್ನೊಂದು ಸಲ ಸಮ. ಆಡುವ ಹಕ್ಕೇ ಆಡುವವನಿಗೆ ಮುಳುವಾಗುವ ಈ ಸಂಕಟವನ್ನು ಜರ್ಮನ್ ಮಾತಿನಲ್ಲಿ ಝುಗ್‌ಜ್ವಾಂಗ್ ಎನ್ನುತ್ತಾರೆ. ಇದು ಆಟದ ನಡುಘಟ್ಟದಲ್ಲಿ ಅಪರೂಪ, ಕಾಲಾಳುಗಳ ಅಂತ್ಯಾಟದಲ್ಲಿ ದಿನನಿತ್ಯದ ಅನ್ನ. ಅಲ್ಲಿ ದೋಷವೆನಿಸಿಕೊಂಡದ್ದೂ ಗುಣವಾಗಬಹುದು. ಒಂದರ ಹಿಂದೊಂದು ನಿಂತ ಕಾಲಾಳುಗಳಲ್ಲಿ ಹಿಂದಿನದಕ್ಕೆ ಒಂದು ಬಿಡಿ ನಡೆ ಉಳಿದಿದ್ದರೆ, ಸರದಿಯನ್ನು ಎದುರಾಳಿಯ ತಲೆಗೆ ಕಟ್ಟಲು ಆ ಒಂದು ನಡೆಯೇ ಸಾಕು. ಅರ್ಧ ಅಂಕ ಕಳೆದುಕೊಳ್ಳಬೇಕಾಗಿದ್ದ ಕಾಲಾಳು ಇಡೀ ಆಟವನ್ನೇ ಗೆದ್ದುಕೊಡುತ್ತದೆ.

ಎರಡನೆಯ ಮೆಟ್ಟಿಲಿನಲ್ಲಿ ತಂತ್ರಾಂಶಗಳು ಒಂದೇ ಬೆಲೆಯನ್ನು ಬಿಟ್ಟು ಎರಡು ಬೆಲೆಗಳನ್ನು ಇಟ್ಟುಕೊಂಡವು. ಒಂದು ನಡುಆಟಕ್ಕೆ, ಇನ್ನೊಂದು ಅಂತ್ಯಾಟಕ್ಕೆ. 2005ರಲ್ಲಿ ಫ್ರಾನ್ಸಿನ ಫಾಬಿಯನ್ ಲೆಟುಜೆ ಬರೆದ ಫ್ರೂಟ್ ಎಂಬ ತಂತ್ರಾಂಶದ ಮೂಲಸಂಕೇತ ಎಲ್ಲರಿಗೂ ಓದಲು ಸಿಕ್ಕಿದಾಗ ಈ ಕ್ರಮ ಜನಪ್ರಿಯವಾಯಿತು. ಕುದುರೆಗೂ ಒಂಟೆಗೂ 1, ಆನೆಗೆ 2, ಮಂತ್ರಿಗೆ 4 ಎಂದು ಎಣಿಸಿದರೆ ಆಟದ ಆರಂಭದಲ್ಲಿ ಒಟ್ಟು 24 ಆಗುತ್ತದೆ. ಕಾಯಿಗಳು ಹಲಗೆಯಿಂದ ಇಳಿಯುತ್ತಾ ಹೋದಂತೆ ಈ 24 ಕರಗುತ್ತದೆ, ಅದಕ್ಕೆ ತಕ್ಕಂತೆ ಬೆಲೆಯ ತೂಕವೂ ನಡುಆಟದ ಪಟ್ಟಿಯಿಂದ ಅಂತ್ಯಾಟದ ಪಟ್ಟಿಗೆ ಮೆಲ್ಲಮೆಲ್ಲನೆ ವಾಲುತ್ತದೆ. ಅಂತ್ಯಾಟದ ಪಟ್ಟಿಯಲ್ಲಿ ಎದ್ದು ಕಾಣುವುದು ದಾರಿ ತೆರೆದ ಕಾಲಾಳು, ಅಂದರೆ ತನ್ನ ಸಾಲಿನಲ್ಲಾಗಲಿ ಎರಡು ಪಕ್ಕದ ಸಾಲುಗಳಲ್ಲಾಗಲಿ ಮುಂದೆ ಎದುರಾಳಿಯ ಕಾಲಾಳು ಇಲ್ಲದ್ದು. ಇದನ್ನು ಯಂತ್ರ ಗುರುತಿಸುವ ಬಗೆ ಬಹಳ ಸೊಗಸಾದದ್ದು. ಹಲಗೆಯ 64 ಮನೆಗಳನ್ನು 64 ಬಿಟ್‌ಗಳ ಒಂದು ಸಂಖ್ಯೆಯಾಗಿ ಬರೆದಿಟ್ಟರೆ, ಇ4ರ ಬಿಳಿ ಕಾಲಾಳಿಗೆ ಮುಂದಿನ ಮೂರು ಅಡ್ಡಸಾಲುಗಳಲ್ಲಿ, ಮೂರು ಉದ್ದಸಾಲುಗಳಲ್ಲಿ ಬರುವ ಒಂಬತ್ತು ಮನೆಗಳ ಅಚ್ಚೊಂದು ಸಿದ್ಧವಿರುತ್ತದೆ. ಆ ಅಚ್ಚನ್ನು ಕಪ್ಪು ಕಾಲಾಳುಗಳ ಸಂಖ್ಯೆಯ ಮೇಲೆ ಒತ್ತಿ ನೋಡಿದಾಗ ಶೂನ್ಯ ಬಂದರೆ ದಾರಿ ತೆರೆದಿದೆ ಎಂದರ್ಥ. ಒಂದೇ ಲೆಕ್ಕ, ಉತ್ತರ ಸಿದ್ಧ.

ಹೀಗೆ ಗುರುತಿಸಿದ ಕಾಲಾಳಿಗೆ ಎಷ್ಟು ಕೊಡಬೇಕು? ಯಾರು ಬೇಕಾದರೂ ತೆರೆದು ಓದಬಹುದಾದ ಸ್ಟಾಕ್‌ಫಿಶ್ ತಂತ್ರಾಂಶದ 11ನೆಯ ಆವೃತ್ತಿಯಲ್ಲಿ ದಾರಿ ತೆರೆದ ಕಾಲಾಳಿನ ಅಂತ್ಯಾಟದ ಹೆಚ್ಚುವರಿ ಬೆಲೆ ಎರಡನೆಯ ಅಡ್ಡಸಾಲಿನಿಂದ ಏಳನೆಯದರವರೆಗೆ ಕ್ರಮವಾಗಿ 28, 33, 41, 72, 177, 260. ಮೊದಲ ಮೂರು ಮೆಟ್ಟಿಲುಗಳಲ್ಲಿ ಅಷ್ಟಾಗಿ ಏರದ ಬೆಲೆ, ಹಲಗೆಯ ನಡುಗೆರೆ ದಾಟಿದೊಡನೆ ಹಾರತೊಡಗುತ್ತದೆ. ಇದಕ್ಕಿಂತ ಮುಖ್ಯವಾದದ್ದು ಇದರ ಜತೆಗೆ ಸೇರುವ ಇನ್ನೊಂದು ಲೆಕ್ಕ. ಆ ಕಾಲಾಳಿನ ಮುಂದಿನ ಮನೆಗೆ ಎದುರಾಳಿಯ ರಾಜ ಎಷ್ಟು ದೂರ, ತನ್ನ ರಾಜ ಎಷ್ಟು ಹತ್ತಿರ ಎಂದು ಅಳೆದು, ಅಂತ್ಯಾಟದ ಬೆಲೆಗೆ ಮಾತ್ರ ಅದನ್ನು ಕೂಡಿಸಲಾಗುತ್ತಿತ್ತು. ಅದರಲ್ಲೂ ಎದುರಾಳಿಯ ರಾಜನ ದೂರಕ್ಕೆ ತನ್ನ ರಾಜನ ಹತ್ತಿರಕ್ಕಿಂತ ಎರಡು ಪಟ್ಟಿಗೂ ಹೆಚ್ಚಿನ ತೂಕ. ಹಲಗೆಯ ಅಂಚಿನಲ್ಲಿ ದೂರದಲ್ಲಿರುವ ಕಾಲಾಳು ಏಕೆ ಅಷ್ಟು ಬೆಲೆಬಾಳುತ್ತದೆ ಎಂಬುದೂ ಇದರಿಂದ ತಿಳಿಯುತ್ತದೆ. ಅದು ಮಂತ್ರಿಯಾಗಲೇಬೇಕೆಂದಿಲ್ಲ. ಅದನ್ನು ಹಿಡಿಯಲು ಎದುರಾಳಿಯ ರಾಜ ಅಷ್ಟು ದೂರ ನಡೆದು ಹೋಗಬೇಕು. ಅಷ್ಟರಲ್ಲಿ ಇತ್ತ ಕಡೆಯ ಅವನ ಕಾಲಾಳುಗಳು ಕಾವಲಿಲ್ಲದ ಹೊಲದಂತೆ ಬಯಲಾಗುತ್ತವೆ. ಆ ಕಾಲಾಳು ತಾನು ಸಾಯುತ್ತಾ ಆಟ ಗೆದ್ದುಕೊಡುತ್ತದೆ. ಇದೇ ಆವೃತ್ತಿಯಲ್ಲಿ, ಉಳಿದ ಕಾಯಿಗಳೆಲ್ಲ ಹೋಗಿ ರಾಜರೂ ಕಾಲಾಳುಗಳೂ ಮಾತ್ರ ಉಳಿದರೆ ಮುಂದಿರುವವನ ಮೇಲುಗೈಯನ್ನು ಇನ್ನಷ್ಟು ಹಿಗ್ಗಿಸುವ ನಿಯಮವೊಂದಿತ್ತು. ಸಿಂಗಪುರದಲ್ಲಿ ನಡೆದದ್ದರ ಹಿಂದಿನ ತತ್ತ್ವ ಅದೇ.

ತಂತ್ರಾಂಶದ ಒಳರಚನೆಯೇ ನನ್ನ ವಾದಕ್ಕೆ ಸಾಕ್ಷಿ ನುಡಿಯುವ ಒಂದು ಸಂಗತಿ ಇಲ್ಲಿದೆ. ಕಾಲಾಳುಗಳು ಕದಲುವುದು ಕಡಿಮೆ, ಹಾಗಾಗಿ ಹುಡುಕಾಟದಲ್ಲಿ ಲಕ್ಷಗಟ್ಟಲೆ ಸ್ಥಿತಿಗಳು ಬಂದರೂ ಕಾಲಾಳುಗಳ ವಿನ್ಯಾಸ ಮಾತ್ರ ಬಹುಪಾಲು ಅದೇ ಆಗಿರುತ್ತದೆ. ಆದ್ದರಿಂದ ಒಂದು ವಿನ್ಯಾಸಕ್ಕೆ ಒಮ್ಮೆ ಕಟ್ಟಿದ ಬೆಲೆಯನ್ನು ಪ್ರತ್ಯೇಕ ಖಾತೆಯಲ್ಲಿ ಬರೆದಿಟ್ಟು, ಅದೇ ವಿನ್ಯಾಸ ಮತ್ತೆ ಎದುರಾದಾಗ ಅಲ್ಲಿಂದಲೇ ತೆಗೆದುಕೊಳ್ಳುತ್ತಾರೆ. ಒಂಟಿ, ಹಿಂದುಳಿದದ್ದು, ಜೋಡಿಯಾಗಿ ನಿಂತದ್ದು ಇವೆಲ್ಲ ಆ ಖಾತೆಯಲ್ಲಿ ಕೂರುತ್ತವೆ. ಆದರೆ ದಾರಿ ತೆರೆದ ಕಾಲಾಳಿಗೂ ರಾಜರಿಗೂ ನಡುವಿನ ದೂರ, ಅದರ ಮುಂದಿನ ಮನೆ ಖಾಲಿಯೋ ತುಂಬಿದೆಯೋ ಎಂಬುದು ಆ ಖಾತೆಯಲ್ಲಿ ಕೂರುವುದಿಲ್ಲ. ಪ್ರತಿ ಸ್ಥಿತಿಯಲ್ಲೂ ಹೊಸದಾಗಿ ಅಳೆಯಬೇಕು. ಕಾಲಾಳಿಗೆ ಮಾತ್ರ ಸೇರಿದ್ದನ್ನು ಬರೆದಿಡಬಹುದು, ಫಲಿತಾಂಶವನ್ನು ತೀರ್ಮಾನಿಸುವಂಥದ್ದನ್ನು ಬರೆದಿಡಲು ಬರುವುದಿಲ್ಲ.

ಇಲ್ಲಿ ಒಂದು ಬಲವಾದ ಆಕ್ಷೇಪ ಏಳುತ್ತದೆ. ಯಂತ್ರ ಸೆಕೆಂಡಿಗೆ ಲಕ್ಷಾಂತರ ಸ್ಥಿತಿಗಳನ್ನು ನೋಡಬಲ್ಲದು. ಹಾಗಿದ್ದಮೇಲೆ ಬೆಲೆ ಕಟ್ಟುವ ಗೋಜು ಏಕೆ, ಕೊನೆಯವರೆಗೆ ಲೆಕ್ಕ ಹಾಕಿಬಿಟ್ಟರೆ ಆಯಿತಲ್ಲ ಎಂಬುದು ಆ ಆಕ್ಷೇಪ. ಇದರಲ್ಲಿ ಅರ್ಧ ಸತ್ಯವಿದೆ. ಆ ಅರ್ಧವನ್ನು ತೋರಿಸಲು ಚೆಕೊಸ್ಲೊವಾಕಿಯಾದ ರಿಚರ್ಡ್ ರೇಟಿ 1921ರಲ್ಲಿ ರಚಿಸಿದ ಸಮಸ್ಯೆಗಿಂತ ಚೆಂದದ ಉದಾಹರಣೆ ಇಲ್ಲ. ಬಿಳಿ ರಾಜ ಎಚ್8ರಲ್ಲಿ, ಬಿಳಿ ಕಾಲಾಳು ಸಿ6ರಲ್ಲಿ. ಕಪ್ಪು ರಾಜ ಎ6ರಲ್ಲಿ, ಕಪ್ಪು ಕಾಲಾಳು ಎಚ್5ರಲ್ಲಿ. ಓಡುವ ಕಾಲಾಳನ್ನು ರಾಜ ಹಿಡಿಯಬಲ್ಲನೇ ಎಂದು ತಿಳಿಯಲು ಅದರಿಂದ ಬಡ್ತಿಯ ಸಾಲಿನವರೆಗೆ ಒಂದು ಚೌಕ ಎಳೆದು ನೋಡುವ ಹಳೆಯ ನಿಯಮವೊಂದಿದೆ. ಆ ನಿಯಮದ ಪ್ರಕಾರ ಬಿಳಿ ರಾಜ ಚೌಕದ ಹೊರಗಿದ್ದಾನೆ, ಕಪ್ಪು ಕಾಲಾಳು ಕೈತಪ್ಪಿತು. ಬಿಳಿ ಕಾಲಾಳಾದರೋ ಕಪ್ಪು ರಾಜನ ಕೈಗೆಟುಕುವಂತಿದೆ. ಬಿಳಿ ಸೋತಿತು ಎಂದು ನಿಯಮ ಹೇಳುತ್ತದೆ. ಆದರೆ ಬಿಳಿ ರಾಜ ಓರೆಯಾಗಿ ಜಿ7, ಎಫ್6, ಇ5 ಎಂದು ಇಳಿಯುತ್ತಾ ಒಂದೇ ನಡೆಯಲ್ಲಿ ಎರಡು ಕೆಲಸ ಮಾಡುತ್ತಾನೆ. ಎದುರಾಳಿಯ ಕಾಲಾಳಿಗೂ ಹತ್ತಿರವಾಗುತ್ತಾನೆ, ತನ್ನ ಕಾಲಾಳಿಗೂ ಹತ್ತಿರವಾಗುತ್ತಾನೆ. ಕಪ್ಪು ಎರಡನ್ನೂ ತಡೆಯಲಾರದು, ಆಟ ಡ್ರಾ. ಚದುರಂಗದ ಹಲಗೆಯಲ್ಲಿ ರಾಜನಿಗೆ ಓರೆದಾರಿಯೂ ನೇರದಾರಿಯೂ ಒಂದೇ ಉದ್ದ. ಮನುಷ್ಯನ ಕಣ್ಣು ಅದನ್ನು ನಂಬಲು ಹಿಂಜರಿಯುತ್ತದೆ. ಯಂತ್ರಕ್ಕೆ ಆ ಹಿಂಜರಿಕೆ ಇಲ್ಲ, ಕೆಲವೇ ನಡೆ ಮುಂದೆ ನೋಡಿ ಉತ್ತರ ಹೇಳುತ್ತದೆ. ನಿಯಮ ತಪ್ಪಿದ ಕಡೆ ಲೆಕ್ಕ ಗೆದ್ದಿತು.

ಇನ್ನರ್ಧ ಸತ್ಯ ಬೇರೆ. ಹುಡುಕಾಟಕ್ಕೆ ಒಂದು ದಿಗಂತವಿದೆ, ಅದರಾಚೆ ಏನಿದೆ ಎಂಬುದು ಯಂತ್ರಕ್ಕೆ ಕಾಣುವುದಿಲ್ಲ ಎಂದು ಅಮೆರಿಕದ ಹ್ಯಾನ್ಸ್ ಬರ್ಲಿನರ್ 1970ರ ದಶಕದಲ್ಲೇ ಎಚ್ಚರಿಸಿದ್ದರು. ಕಾಲಾಳು ಮಂತ್ರಿಯಾಗಲು ಇನ್ನೂ ಹತ್ತು ನಡೆ ಬೇಕು, ಯಂತ್ರ ನೋಡುವುದು ಐದೇ ನಡೆ ಎಂದಾದರೆ ಅದರ ಪಾಲಿಗೆ ಆ ಕಾಲಾಳು ಬರೀ ಒಂದು ಅಂಕ. ಮುಂದಿನ ಸಾಲಿಗೆ ಹೋದಂತೆಲ್ಲ ಬೆಲೆ ಏರಿಸುವ ಪಟ್ಟಿ ಈ ಕುರುಡಿಗೆ ಮದ್ದು. ಕಾಣದ ಭವಿಷ್ಯವನ್ನು ಅದು ಇಂದಿನ ಲೆಕ್ಕದಲ್ಲಿ ಕೊಂಚ ಸಾಲವಾಗಿ ತರುತ್ತದೆ. ಎಮಾನ್ಯುಯೆಲ್ ಲಾಸ್ಕರ್ ಮತ್ತು ರೈಖ್‌ಹೆಲ್ಮ್ ಹೆಸರಿನಲ್ಲಿ 1901ರಿಂದ ಪ್ರಸಿದ್ಧವಾದ ಸ್ಥಿತಿಯೊಂದಿದೆ. ರೂಬೆನ್ ಫೈನ್ ಅವರ 1941ರ ಅಂತ್ಯಾಟದ ಗ್ರಂಥದಲ್ಲಿ ಅದು 70ನೆಯ ಚಿತ್ರವಾದ್ದರಿಂದ ತಂತ್ರಾಂಶಕಾರರು ಅದನ್ನು ಫೈನ್ 70 ಎಂದೇ ಕರೆಯುತ್ತಾರೆ. ಬಿಳಿಗೆ ನಾಲ್ಕು ಕಾಲಾಳು, ಕಪ್ಪಿಗೆ ಮೂರು, ಎಲ್ಲವೂ ಒಂದನ್ನೊಂದು ತಡೆದು ನಿಂತಿವೆ. ಎ1ರ ಮೂಲೆಯ ಬಿಳಿ ರಾಜನಿಗೆ ಗೆಲುವು ಕೊಡುವ ನಡೆ ಒಂದೇ, ಪಕ್ಕದ ಬಿ1ಕ್ಕೆ ಸರಿಯುವುದು. ಬಿಳಿ ರಾಜ ಹಲಗೆಯ ಎರಡು ಕಡೆಗಳಿಂದಲೂ ನುಗ್ಗುವ ಬೆದರಿಕೆ ಒಡ್ಡುತ್ತಾನೆ, ಕಪ್ಪು ರಾಜ ಪ್ರತಿ ಹೆಜ್ಜೆಗೂ ಸರಿಯಾದ ಜೋಡಿಮನೆಯಲ್ಲೇ ನಿಲ್ಲಬೇಕು. ಕವಲುಗಳನ್ನು ಬಿಡಿಸುತ್ತಾ ಹೋದರೆ ಮರ ಮಿತಿಮೀರಿ ಬೆಳೆಯುತ್ತದೆ. ಆದರೆ ಕಾಲಾಳುಗಳು ಬೀಗ ಹಾಕಿಕೊಂಡಿರುವಷ್ಟು ಹೊತ್ತು ಕದಲುವವರು ಇಬ್ಬರು ರಾಜರು ಮಾತ್ರ. ಒಬ್ಬನಿಗೆ 64 ಮನೆ, ಇನ್ನೊಬ್ಬನಿಗೆ 64, ಸರದಿ ಎರಡು. ಗುಣಿಸಿದರೆ ಬೇರೆ ಬೇರೆ ಸ್ಥಿತಿಗಳು 8,192ನ್ನು ಮೀರುವುದಿಲ್ಲ. ಒಮ್ಮೆ ಕಂಡ ಸ್ಥಿತಿಯನ್ನು ನೆನಪಿಟ್ಟುಕೊಳ್ಳುವ ಕೋಷ್ಟಕವೊಂದನ್ನು ಜೋಡಿಸಿದೊಡನೆ ಯಂತ್ರ ಈ ಗಂಟನ್ನು ಥಟ್ಟನೆ ಬಿಡಿಸಿತು. ಬರೀ ವೇಗದಿಂದ ಬಗೆಹರಿಯದ್ದು ಕಾಲಾಳುಗಳ ವಿನ್ಯಾಸದ ಗುಣವನ್ನು ಬಳಸಿಕೊಂಡಾಗ ಬಗೆಹರಿಯಿತು ಎಂಬುದನ್ನು ಮರೆಯಬಾರದು.

ವೇಗವೂ ಬೆಲೆಪಟ್ಟಿಯೂ ಎರಡೂ ಸೇರಿ ಎಡವಿದ ಪ್ರಸಂಗವೂ ಇದೆ. ಭೌತವಿಜ್ಞಾನಿ ರೋಜರ್ ಪೆನ್ರೋಸ್ 1994ರ ತಮ್ಮ ಗ್ರಂಥದಲ್ಲಿ ಒಂದು ಸ್ಥಿತಿಯನ್ನು ಚರ್ಚಿಸಿದರು. ಬಿಳಿಗೆ ರಾಜ ಮತ್ತು ಕಾಲಾಳುಗಳು ಮಾತ್ರ. ಕಪ್ಪಿಗೆ ಅವುಗಳ ಮೇಲೆ ಎರಡು ಆನೆ, ಒಂದು ಒಂಟೆ ಹೆಚ್ಚು. ಆದರೆ ಬಿಳಿ ಕಾಲಾಳುಗಳು ಹಲಗೆಯ ಉದ್ದಕ್ಕೂ ಕೋಟೆಗೋಡೆಯಂತೆ ನಿಂತಿವೆ, ಅದನ್ನು ದಾಟಿ ಯಾವ ಕಾಯಿಯೂ ಒಳಗೆ ಬರಲಾರದು. ಬಿಳಿ ರಾಜ ಗೋಡೆಯ ಹಿಂದೆ ಸುಮ್ಮನೆ ಅತ್ತಿತ್ತ ನಡೆದಾಡುತ್ತಿದ್ದರೆ ಆಟ ಡ್ರಾ. ಆ ಕಾಲದ ಬಲಿಷ್ಠ ಯಂತ್ರ ಡೀಪ್ ಥಾಟ್ ಬಿಳಿಯ ಪರವಾಗಿ ಆಡುವಾಗ ಕೈಗೆ ಸಿಕ್ಕ ಆನೆಯನ್ನು ಕಾಲಾಳಿನಿಂದ ಹೊಡೆಯಿತು. ಗೋಡೆ ಒಡೆಯಿತು, ಆಟ ಕೈಬಿಟ್ಟಿತು. ಯಂತ್ರಕ್ಕೆ ಅರಿವು ಇಲ್ಲ ಎಂಬುದಕ್ಕೆ ಪೆನ್ರೋಸ್ ಇದನ್ನು ನಿದರ್ಶನವಾಗಿ ಕೊಟ್ಟರು. ಅರಿವಿನ ಆ ದೊಡ್ಡ ಪ್ರಶ್ನೆಗೆ ಇದೊಂದೇ ಉದಾಹರಣೆ ಸಾಲದು ಎಂದು ನನಗೆ ತೋರುತ್ತದೆ. ಆದರೆ ಇದು ತೋರಿಸುವ ಸಣ್ಣ ಸತ್ಯ ಗಟ್ಟಿಯಾದದ್ದು. ಬೆಲೆಪಟ್ಟಿ ಪ್ರತಿ ಕಾಲಾಳನ್ನೂ ಬಿಡಿಬಿಡಿಯಾಗಿ ತೂಗಿತು. ಗೋಡೆಯ ಒಂದು ಇಟ್ಟಿಗೆಗೆ ಸಂತೆಯಲ್ಲಿ ಏನು ಬೆಲೆಯೋ ಗೋಡೆಯಲ್ಲಿ ಕೂತಾಗ ಅದಕ್ಕೆ ಅದೇ ಬೆಲೆಯಲ್ಲ. ಆ ಕಾಲಾಳಿನ ನಿಜವಾದ ಬೆಲೆ, ಅದು ನಿಂತಲ್ಲೇ ನಿಂತು ಏನನ್ನು ಆಗಗೊಡುತ್ತಿರಲಿಲ್ಲವೋ ಅದರಲ್ಲಿತ್ತು.

ಇನ್ನೊಂದು ಆಕ್ಷೇಪವನ್ನು ಕೇಳೋಣ. ಅಂದಾಜೇ ಬೇಡ, ಎಲ್ಲ ಅಂತ್ಯಾಟಗಳನ್ನೂ ಮೊದಲೇ ಬಿಡಿಸಿ ಉತ್ತರ ಬರೆದಿಟ್ಟುಬಿಡೋಣ ಎನ್ನುವವರಿದ್ದಾರೆ. ಇದು ಬರೀ ಕನಸಲ್ಲ, ಬಹಳಷ್ಟು ನನಸಾಗಿದೆ. ಯೂನಿಕ್ಸ್ ನಿರ್ಮಾತೃಗಳಲ್ಲಿ ಒಬ್ಬರಾದ ಕೆನ್ ಥಾಂಪ್ಸನ್ ಅಂಥವರು ಶಹಮಾತಿನ ಸ್ಥಿತಿಗಳಿಂದ ಆರಂಭಿಸಿ ಹಿಂದು ಹಿಂದಕ್ಕೆ ನಡೆದು ಇಂಥ ಕೋಷ್ಟಕಗಳನ್ನು ಕಟ್ಟಿದರು. ರಾಜ, ಕಾಲಾಳು ಒಂದು ಕಡೆ, ಒಬ್ಬನೇ ರಾಜ ಇನ್ನೊಂದು ಕಡೆ ಇರುವ ಅಂತ್ಯಾಟವನ್ನು ತೆಗೆದುಕೊಳ್ಳಿ. ಎಡಬಲ ಒಂದೇ ಆದ್ದರಿಂದ ಕಾಲಾಳಿಗೆ 24 ಮನೆ ಸಾಕು, ರಾಜರಿಗೆ ತಲಾ 64, ಸರದಿ ಎರಡು; ಒಟ್ಟು 1,96,608 ಸ್ಥಿತಿಗಳು. ಪ್ರತಿಯೊಂದಕ್ಕೂ ಗೆಲುವೋ ಸಮವೋ ಎಂಬ ಒಂದೇ ಬಿಟ್ ಉತ್ತರ. ಇಡೀ ಅಂತ್ಯಾಟ 24 ಕಿಲೋಬೈಟ್‌ನಲ್ಲಿ ಮುಗಿಯುತ್ತದೆ. ಒಂದು ಸಣ್ಣ ಭಾವಚಿತ್ರಕ್ಕಿಂತ ಕಡಿಮೆ ಜಾಗ. 2012ರಲ್ಲಿ ಮಾಸ್ಕೋ ವಿಶ್ವವಿದ್ಯಾಲಯದ ಲೊಮೊನೊಸೊವ್ ಕೋಷ್ಟಕಗಳು ಏಳು ಕಾಯಿಗಳವರೆಗೆ ಬಂದವು, ಅವುಗಳ ಗಾತ್ರ 140 ಟೆರಾಬೈಟ್. ರೊನಾಲ್ಡ್ ಡಿ ಮಾನ್ ರೂಪಿಸಿದ ಸಿಜಿಜಿ ಪದ್ಧತಿಯಲ್ಲಿ 2018ರ ಹೊತ್ತಿಗೆ ಅದೇ ಏಳು ಕಾಯಿಗಳು ಸುಮಾರು 18 ಟೆರಾಬೈಟ್‌ಗೆ ಇಳಿದವು. ಆದರೆ ಆಟದಲ್ಲಿ ನಿಜವಾಗಿ ಎದುರಾಗುವ ಕಾಲಾಳಿನ ಅಂತ್ಯಾಟಗಳಲ್ಲಿ ಎಂಟು, ಹತ್ತು, ಹನ್ನೆರಡು ಕಾಯಿಗಳಿರುವುದೇ ಹೆಚ್ಚು. ಅದೂ ಅಲ್ಲದೆ ಕೋಷ್ಟಕ ಕಟ್ಟುವವರಿಗೆ ಕಾಲಾಳಿನಷ್ಟು ಕಷ್ಟ ಕೊಡುವ ಕಾಯಿ ಇನ್ನೊಂದಿಲ್ಲ. ಕಾಲಾಳಿಲ್ಲದ ಹಲಗೆಯನ್ನು ಎಂಟು ಬಗೆಯಲ್ಲಿ ಮಡಚಿ ಲೆಕ್ಕವನ್ನು ಉಳಿಸಬಹುದು. ಕಾಲಾಳು ಒಂದೇ ದಿಕ್ಕಿಗೆ ನಡೆಯುವುದರಿಂದ ಅದಿರುವ ಹಲಗೆಯನ್ನು ಎಡಬಲಕ್ಕೆ ಮಾತ್ರ ಮಡಚಲು ಸಾಧ್ಯ. ಅದು ಬಡ್ತಿ ಪಡೆದು ಏನಾಗಬಲ್ಲದೋ ಆ ಎಲ್ಲ ಅಂತ್ಯಾಟಗಳನ್ನೂ ಮೊದಲೇ ಬಿಡಿಸಿರಬೇಕು. ಕೋಷ್ಟಕ ಉತ್ತರವನ್ನು ಕೊಡುತ್ತದೆ, ಕಾರಣವನ್ನು ಕೊಡುವುದಿಲ್ಲ. ಎಂಟನೆಯ ಕಾಯಿ ಬಂದೊಡನೆ ಮತ್ತೆ ಬೆಲೆ ಕಟ್ಟಲೇಬೇಕು.

ಕೊನೆಯ ಆಕ್ಷೇಪ ಇಂದಿನದು. ಈಗ ನರಜಾಲಗಳ ಕಾಲ, ಒಂಟಿ ಕಾಲಾಳು, ಹಿಂದುಳಿದ ಕಾಲಾಳು ಎಂಬ ಹಳೆಯ ಪಾಠಗಳೆಲ್ಲ ಮೂಲೆ ಸೇರಿದವು ಎನ್ನುತ್ತಾರೆ. ಹೊರನೋಟಕ್ಕೆ ಅದು ನಿಜ. 2018ರಲ್ಲಿ ಜಪಾನಿನ ಯು ನಾಸು ಅಲ್ಲಿಯ ಶೋಗಿ ಆಟಕ್ಕಾಗಿ ರೂಪಿಸಿದ ನರಜಾಲವನ್ನು 2020ರ ಸೆಪ್ಟೆಂಬರಿನಲ್ಲಿ ಬಂದ ಸ್ಟಾಕ್‌ಫಿಶ್ 12 ಅಳವಡಿಸಿಕೊಂಡಿತು. 2024ರ ಫೆಬ್ರವರಿಯ 16.1 ಆವೃತ್ತಿಯಲ್ಲಿ ಮನುಷ್ಯರು ಕೈಯಾರೆ ಬರೆದ ಬೆಲೆಪಟ್ಟಿಯನ್ನು ಪೂರ್ತಿ ತೆಗೆದುಹಾಕಿದರು. ನಾನು ಈಗಷ್ಟೇ ಓದಿದ 28, 33, 41 ಇವತ್ತು ಅಲ್ಲಿಲ್ಲ. ಆದರೆ ಆ ಜಾಲದ ಬಾಗಿಲಲ್ಲಿ ನಿಂತು ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. ಸ್ಟಾಕ್‌ಫಿಶ್ 12ರ ಜಾಲ ‘ಇ4ರಲ್ಲಿ ಕಾಲಾಳು ಇದೆ’ ಎಂಬ ಬಿಡಿ ಸುದ್ದಿಯನ್ನು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ‘ರಾಜ ಇಂಥ ಮನೆಯಲ್ಲಿರುವಾಗ ಇಂಥ ಕಾಯಿ ಇಂಥ ಮನೆಯಲ್ಲಿದೆ’ ಎಂಬ ಜೋಡಿಸುದ್ದಿಯನ್ನು ಮಾತ್ರ ಸ್ವೀಕರಿಸುತ್ತಿತ್ತು. ಅಂಥ ಜೋಡಿಗಳು ಸುಮಾರು 41 ಸಾವಿರ. ಅಂದರೆ ಪ್ರತಿ ಕಾಲಾಳೂ ರಾಜನ ಸಂಬಂಧದಲ್ಲೇ ಅದರ ಲೆಕ್ಕಕ್ಕೆ ಬರುತ್ತದೆ. ಹಳೆಯ ಪಟ್ಟಿ ಕೊನೆಯಲ್ಲಿ ಸೇರಿಸುತ್ತಿದ್ದ ದೂರದ ಲೆಕ್ಕ ಇಲ್ಲಿ ಅಡಿಪಾಯವೇ ಆಗಿಬಿಟ್ಟಿತು. ಇಂಥ ಜಾಲಗಳಿಗೆ ಆರಂಭದಲ್ಲಿ ತರಬೇತಿಗೆಂದು ಕೊಟ್ಟ ಉತ್ತರಗಳು ಬಂದದ್ದೂ ಸ್ಟಾಕ್‌ಫಿಶ್‌ನ ಹಳೆಯ ಬೆಲೆಪಟ್ಟಿ ಮತ್ತು ಹುಡುಕಾಟಗಳಿಂದಲೇ. ಹಳೆಯ ಪಟ್ಟಿ ಹೊಸ ಜಾಲಕ್ಕೆ ಮೊದಲ ಮೇಷ್ಟ್ರು. ಮನುಷ್ಯರ ಆಟ ನೋಡದೆ ತನ್ನೊಡನೆ ತಾನೇ ಆಡಿ ಕಲಿತ ಆಲ್ಫಾಝೀರೋ ಬಗ್ಗೆಯೂ 2022ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು, ಮಾಜಿ ವಿಶ್ವ ಚಾಂಪಿಯನ್ ವ್ಲಾದಿಮಿರ್ ಕ್ರಾಮ್ನಿಕ್ ಅದರ ಲೇಖಕರಲ್ಲಿ ಒಬ್ಬರು. ಹಳೆಯ ಸ್ಟಾಕ್‌ಫಿಶ್‌ನ ಪರಿಕಲ್ಪನೆಗಳನ್ನೇ ಅಳತೆಗೋಲಾಗಿ ಹಿಡಿದು ಜಾಲದ ಒಳಪದರಗಳನ್ನು ತಡಕಿದಾಗ, ಮನುಷ್ಯರ ಅನೇಕ ಪರಿಕಲ್ಪನೆಗಳನ್ನು ಅಲ್ಲಿಂದ ಓದಿ ತೆಗೆಯಲು ಸಾಧ್ಯವಾಯಿತು. ಯಾರೂ ಕಲಿಸದಿದ್ದರೂ ಜಾಲ ಹೋಗಿ ಮುಟ್ಟಿದ್ದು ಮನುಷ್ಯರಿಗೆ ಪರಿಚಯವಿದ್ದ ಊರನ್ನೇ.

ಅಳತೆಯ ಮಾನವೇ ಬದಲಾದ ಸಂಗತಿಯೊಂದನ್ನು ಇಲ್ಲಿ ಸೇರಿಸಬೇಕು. ಶಾನನ್ ಕಾಲದಿಂದ ಯಂತ್ರ ತೋರಿಸುವ ಸಂಖ್ಯೆಗೆ ಅರ್ಥವಿದ್ದದ್ದು ಕಾಲಾಳಿನ ಲೆಕ್ಕದಲ್ಲಿ; 1 ಎಂದರೆ ಒಂದು ಕಾಲಾಳಿನಷ್ಟು ಮೇಲುಗೈ. 2022ರ ಕೊನೆಯಲ್ಲಿ ಬಂದ ಸ್ಟಾಕ್‌ಫಿಶ್ 15.1ರಿಂದ ಆ ಅರ್ಥ ಬದಲಾಗಿದೆ. ಈಗ ತೆರೆಯ ಮೇಲೆ 1 ಎಂದು ಕಂಡರೆ, ಆ ಸ್ಥಿತಿಯಿಂದ ಯಂತ್ರ ತನ್ನಷ್ಟೇ ಬಲದ ಎದುರಾಳಿಯ ಮೇಲೆ ಗೆಲ್ಲುವ ಸಾಧ್ಯತೆ ನೂರಕ್ಕೆ ಐವತ್ತು ಎಂದು ತಿಳಿಯಬೇಕು. ಇದು ನನ್ನ ವಾದಕ್ಕೆ ಯಂತ್ರವೇ ಹಾಕಿಕೊಟ್ಟ ರುಜು ಎಂದು ಭಾವಿಸುತ್ತೇನೆ. ಅಳೆಯುವ ಕೋಲಾಗಿದ್ದ ಕಾಲಾಳು ಈಗ ಅಳೆಯಬೇಕಾದ ವಸ್ತುವಾಗಿದೆ. ನಡುಆಟದಲ್ಲಿ ಸಾಧ್ಯತೆಗೆ ನೂರು ಮಟ್ಟಗಳಿರುತ್ತವೆ, ಅಲ್ಲಿ ಹನಿಗೂಡಿದರೆ ಹಳ್ಳ ಎನ್ನುವಂತೆ ಸಣ್ಣ ಸಣ್ಣ ಗುಣದೋಷಗಳನ್ನು ಕೂಡಿಸಬಹುದು. ಕಾಲಾಳುಗಳ ಅಂತ್ಯಾಟದಲ್ಲಿ ಮಟ್ಟಗಳೆಲ್ಲ ಕುಸಿದು ಗೆಲುವು, ಸಮ, ಸೋಲು ಎಂಬ ಮೂರೇ ಉಳಿಯುತ್ತವೆ. ಅಲ್ಲಿ ಕೂಡಿಸುವುದಕ್ಕೆ ಏನೂ ಇಲ್ಲ. ಕೇಳಬೇಕಾದ ಪ್ರಶ್ನೆಯನ್ನು ಸರಿಯಾಗಿ ಕೇಳಿ ಉತ್ತರ ಕಂಡುಕೊಳ್ಳಬೇಕು.

ಆದ್ದರಿಂದ ಚದುರಂಗ ಕಲಿಯುವ ಮಕ್ಕಳಿಗೆ, ಕಲಿಸುವ ಹಿರಿಯರಿಗೆ ಒಂದು ಮಾತನ್ನು ಕಳಕಳಿಯಿಂದ ಹೇಳಬೇಕೆನಿಸುತ್ತದೆ. ಇಂದು ಮೊಬೈಲಿನಲ್ಲೇ ಈ ಯಂತ್ರಗಳು ಸಿಗುತ್ತವೆ, ಪ್ರತಿ ನಡೆಯ ಪಕ್ಕದಲ್ಲೂ ಒಂದು ಸಂಖ್ಯೆ ಮಿನುಗುತ್ತದೆ. ಆ ಸಂಖ್ಯೆಯನ್ನು ಓದಿ ಪುಟ ತಿರುವಿದರೆ ಕಲಿತದ್ದು ಏನೂ ಇಲ್ಲ. ಆ ಸಂಖ್ಯೆಯ ಹಿಂದೆ ಎಪ್ಪತ್ತೈದು ವರ್ಷಗಳಿಂದ ಹದವಾದ ಪ್ರಶ್ನೆಗಳಿವೆ. ಆಡುವ ಸರದಿ ಯಾರದು? ಇಬ್ಬರು ರಾಜರೂ ಆ ಮನೆಗೆ ಎಷ್ಟು ದೂರ? ಯಾರ ಬಳಿ ಎಷ್ಟು ಬಿಡಿ ನಡೆಗಳು ಉಳಿದಿವೆ? ಗೋಡೆ ಒಡೆಯಲು ದಾರಿ ಇದೆಯೇ, ಒಡೆದರೆ ಲಾಭ ಯಾರಿಗೆ? ಈ ನಾಲ್ಕನ್ನು ಕೇಳಿಕೊಳ್ಳುವ ಅಭ್ಯಾಸವಾದರೆ ಯಂತ್ರದ ಸಂಖ್ಯೆ ನಮ್ಮ ಉತ್ತರವನ್ನು ಒರೆಗೆ ಹಚ್ಚುವ ಕಲ್ಲಾಗುತ್ತದೆ. ಕೇಳಿಕೊಳ್ಳದಿದ್ದರೆ ಅದು ನಮ್ಮ ಬದಲಿಗೆ ಯೋಚಿಸುವ ಊರುಗೋಲಾಗುತ್ತದೆ, ಟೂರ್ನಮೆಂಟಿನ ಮೇಜಿಗೆ ಆ ಊರುಗೋಲನ್ನು ಒಯ್ಯುವಂತಿಲ್ಲ. ಸಿಂಗಪುರದಲ್ಲಿ ಗುಕೇಶ್ ಅವರ ಮುಂದೆಯೂ ಯಾವ ಸಂಖ್ಯೆ ಇರಲಿಲ್ಲ. ಆನೆ ಬದಲಾದರೆ ಒಂಟೆ ಬದಲಾಗುತ್ತದೆ, ಒಂಟೆ ಬದಲಾದರೆ ರಾಜರು ಎಲ್ಲಿ ನಿಲ್ಲುತ್ತಾರೆ, ಆಗ ಆ ಒಂದು ಕಾಲಾಳು ಏನಾಗುತ್ತದೆ ಎಂದು ಅವರು ತಾವೇ ಕೇಳಿಕೊಂಡು ತಾವೇ ಉತ್ತರ ಕಂಡರು. ದೊಡ್ಡ ಕಾಯಿಗಳನ್ನು ಬದಲಾಯಿಸಲು ಕೈ ಚಾಚುವ ಮುನ್ನ ಹಲಗೆಯ ಮೇಲಿನ ಅತಿ ಸಣ್ಣ ಕಾಯಿಯನ್ನು ಒಮ್ಮೆ ವಿಚಾರಿಸಿಕೊಳ್ಳಬೇಕು. ಉಳಿದವರೆಲ್ಲ ಇಳಿದು ಹೋದ ಮೇಲೆ ಹಲಗೆಯ ಮೇಲೆ ನಿಲ್ಲುವುದು ಅದೇ.